ಪತ್ರಾದ ಕೆಳಗಿನ ಮೊಲ

ಕನ್ನಡದಲ್ಲಿ ಮೊಲ ಒಂದೇ. ಮರಾಠಿಯ ಸಸಾ ಕೂಡ ಒಂದೇ. ಮಹಾರಾಷ್ಟ್ರ-ಕರ್ನಾಟಕ ಗಡಿಯ ತುರೋರಿಯ ತೊಗರಿ ಹೊಲದಲ್ಲಿ ಕಾಲಬುಡದಿಂದ ಚಂಗನೆ ಜಿಗಿದು ಓಡುವ ಕಂದು ಪ್ರಾಣಿಯೂ ಮೊಲವೇ, ಉದಗೀರದ ಮನೆಯ ಪಡಸಾಲೆಯಲ್ಲಿ ಕೆಂಪು ಕಣ್ಣು ಬಿಟ್ಟು ಕೂತ ಬಿಳಿಯದೂ ಮೊಲವೇ. ಹಕ್ಕಬುಕ್ಕರ ಬೇಟೆನಾಯಿಗಳಿಗೆ ತಿರುಗಿಬಿತ್ತೆಂದು ಐತಿಹ್ಯ ಹೇಳುವ ಮೊಲ, ಗಾದೆಯೊಳಗೆ ಮೂರೇ ಕಾಲಿರುವ ಮೊಲ, ಎರಡೂ ಹೊಲದವು. ಸಾಕುವ ಮೊಲದ ಕುಲವೇ ಬೇರೆ. ಅದು ಸ್ಪೇನ್, ಪೋರ್ಚುಗಲ್ ಸೀಮೆಯಲ್ಲಿ ಬಿಲ ತೋಡಿ ಗುಂಪುಗಟ್ಟಿ ಬಾಳಿದ ಪ್ರಾಣಿಯ ಸಂತತಿ. ಹೊಲದ ಮೊಲ ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ತನ್ನ ಮೈಯಷ್ಟೇ ಅಗಲದ ತಗ್ಗಿನಲ್ಲಿ ಹಗಲು ಕಳೆದು ರಾತ್ರಿ ಮೇಯುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದಿರುತ್ತದೆ, ಮೈತುಂಬ ಕೂದಲಿರುತ್ತದೆ. ಸಾಕುಮೊಲದ ಮರಿಗೆ ಹುಟ್ಟುವಾಗ ಕಣ್ಣೂ ತೆರೆದಿರುವುದಿಲ್ಲ, ಕೂದಲೂ ಇರುವುದಿಲ್ಲ. ತಾಯಿ ತನ್ನ ಮೈಕೂದಲನ್ನೇ ಕಿತ್ತು ಹಾಸಿದ ಗೂಡಿನ ಬಿಸುಪಿನಲ್ಲಿ ಅದು ಉಳಿಯಬೇಕು.

ಒಂದೇ ಹೆಸರಿನಿಂದ ಎರಡು ತಪ್ಪು ಹುಟ್ಟಿವೆ. ಕಬ್ಬು ಕಡಿಯುವಾಗಲೋ ತೊಗರಿ ಕೊಯ್ಯುವಾಗಲೋ ಸಿಕ್ಕ ಮರಿಯನ್ನು ತಬ್ಬಲಿಯೆಂದು ಮನೆಗೆ ತರುವುದು ಮೊದಲನೆಯದು. ಹೊಲದ ಮೊಲದ ತಾಯಿ ಮರಿಯ ಹತ್ತಿರ ಸದಾ ಇರುವುದೇ ಇಲ್ಲ. ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುತ್ತದೆ. ಒಂಟಿಯಾಗಿ ಕಂಡ ಮರಿ ಬಹುಪಾಲು ತಬ್ಬಲಿಯಲ್ಲ. ಅದನ್ನು ಹಿಡಿದು ಸಾಕುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಒಪ್ಪುವುದಿಲ್ಲ. ಎರಡನೆಯ ತಪ್ಪು ಇನ್ನೂ ಹರಡಿಕೊಂಡಿದೆ: ನಮ್ಮ ಹೊಲದಲ್ಲಿ ಮೊಲ ಬೇಸಿಗೆ ತಾಳುತ್ತದಲ್ಲ, ಪಂಜರದ ಮೊಲವೂ ತಾಳೀತು ಎಂಬ ನಂಬಿಕೆ.

ಅದು ತಾಳುವುದಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಸೀಮೆಯಲ್ಲಿ ಮೊಲ ತರಲು ಮನೆ ಸಜ್ಜು ಮಾಡುವ ರೂಢಿಯನ್ನು ಅಳೆದು ನೋಡುವುದಾದರೆ ಇಲ್ಲಿಂದಲೇ ಶುರು ಮಾಡಬೇಕು. ಮೊಲಕ್ಕೆ ಬೆವರಿ ತಣಿಯುವ ಮೈಯಿಲ್ಲ. ಉದ್ದ ಕಿವಿಗಳ ರಕ್ತನಾಳ ಹಿಗ್ಗಿಸಿ, ಉಸಿರಿನ ವೇಗ ಏರಿಸಿ ಅದು ಬಿಸಿ ಹೊರಹಾಕುತ್ತದೆ. ಸುತ್ತಲಿನ ಗಾಳಿಯೇ ಮೈಗಿಂತ ಬಿಸಿಯಾದಾಗ ಕಿವಿಯೂ ಕೈಕೊಡುತ್ತದೆ. ಸುಮಾರು 15ರಿಂದ 25 ಡಿಗ್ರಿ ಅದಕ್ಕೆ ಹಿತ. 30 ದಾಟಿದರೆ ಕಷ್ಟ. 35ರ ಮೇಲೆ ಜೀವಕ್ಕೇ ಕುತ್ತು. ಈ ಊರುಗಳ ಮೇ ತಿಂಗಳು 40 ದಾಟುತ್ತದೆ. ಹಾಗಿದ್ದೂ ಮೊಲದ ಪಂಜರಕ್ಕೆ ಸಾಮಾನ್ಯವಾಗಿ ಸಿಗುವ ಜಾಗ ಯಾವುದು? ಹಿತ್ತಲಿನ ಪತ್ರಾ, ಅಂದರೆ ತಗಡಿನ ಶೆಡ್ಡು, ಇಲ್ಲವೇ ಮಾಳಿಗೆಯ ಮೇಲಿನ ಮೂಲೆ. ನೆರಳಿದೆ ಎಂದು ಅಲ್ಲಿಡುತ್ತಾರೆ. ಪತ್ರಾದ ಕೆಳಗಿನ ಜಾಗ ಬಿಸಿಲು ಬೀಳದ ಜಾಗ ನಿಜ, ಆದರೆ ಮಧ್ಯಾಹ್ನ ಎರಡಕ್ಕೆ ಅದು ಮುಚ್ಚಿದ ಒಲೆ.

ಪತ್ರಾ ಇಷ್ಟೊಂದು ಮನೆಗಳಿಗೆ ಬಂದದ್ದರ ಹಿಂದೆ ಒಂದು ದುಃಖವಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ, ಸಾಸ್ತೂರು ಸುತ್ತಲ ನೆಲ ನಡುಗಿದಾಗ ಜನರ ಮೇಲೆ ಬಿದ್ದದ್ದು ದಪ್ಪ ಕಲ್ಲುಗೋಡೆ ಮತ್ತು ಹಲಗೆಯ ಮೇಲೆ ಮಣ್ಣು ಹೇರಿದ ಮಾಳಿಗೆ. ಸಾವಿರಾರು ಜನ ಮಲಗಿದ್ದಲ್ಲೇ ಹೋದರು. ಆಮೇಲೆ ಐವತ್ತಕ್ಕೂ ಹೆಚ್ಚು ಹಳ್ಳಿಗಳು ಬೇರೆ ಜಾಗದಲ್ಲಿ ಹೊಸದಾಗಿ ಎದ್ದವು. ಕಲ್ಲುಮಣ್ಣಿನ ಭಾರದ ಅಂಜಿಕೆ ಮನಸ್ಸಿನಿಂದ ಹೋಗಲಿಲ್ಲ. ಸಿಮೆಂಟು ಮತ್ತು ಪತ್ರಾ ಹಗುರ ಎಂಬ ಧೈರ್ಯ ಉಳಿಯಿತು. ಆ ಅಂಜಿಕೆಯನ್ನು ಯಾರೂ ತಪ್ಪೆನ್ನಲಾಗದು. ಆದರೆ ಮಣ್ಣಿನ ಮಾಳಿಗೆ ಕೊಡುತ್ತಿದ್ದ ತಂಪು ಅದರೊಂದಿಗೇ ಹೋಯಿತು ಎಂಬುದನ್ನು ಮೊಲ ತರುವವರು ಲೆಕ್ಕಕ್ಕೆ ಹಿಡಿಯಬೇಕು. ಮನುಷ್ಯರು ಸಂಜೆ ಅಂಗಳಕ್ಕೆ ಬಂದು ಕೂತಾರು. ಪಂಜರದ ಪ್ರಾಣಿ ಎಲ್ಲಿಗೂ ಬರಲಾರದು.

ಮೊಲದ ಮೂಲದ ಮನೆ ಬಿಲ. ನೆಲದ ಮೇಲೆ ಬಿಸಿಲು ಕುದಿಯುವಾಗಲೂ ಬಿಲದೊಳಗೆ ತಂಪು, ಕತ್ತಲು, ಮೌನ. ಈ ಪ್ರಾಣಿಗೆ ಮನೆ ಕಟ್ಟುವುದೆಂದರೆ ಬಿಲದ ಗುಣಗಳನ್ನು ನೆಲದ ಮೇಲೆ ತರುವುದು. ಎರೆಸೀಮೆಯ ಜನಕ್ಕೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಯೇ ಇಲ್ಲ. ಕನ್ನಡದವರು ಹಗೇವು ಎಂದು, ಮರಾಠಿಯವರು ಪೇವ್ ಎಂದು ಕರೆದ ನೆಲಮಾಳಿಗೆಯಲ್ಲಿ ಜೋಳವನ್ನು ವರ್ಷಗಟ್ಟಲೆ ಇಟ್ಟು ಉಂಡ ನಾಡಿದು. ಹಗೇವಿನ ತತ್ತ್ವವೇ ಇಲ್ಲೂ ಬೇಕು. ತಳ ಒಡೆದು ಹಿತ್ತಲಿಗೆ ಬಿದ್ದ ದೊಡ್ಡ ಹರವಿಯನ್ನು ಅಡ್ಡ ಮಲಗಿಸಿ, ಅರ್ಧ ಮಣ್ಣಿನಲ್ಲಿ ಹುಗಿದು, ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದರೆ ಎರಡು ಬಾಯಿಯ ಬಿಲ ಸಿದ್ಧ. ಎರಡು ಬಾಯಿ ಇರುವುದು ಮುಖ್ಯ: ಒಂದೇ ದಾರಿಯ ಗೂಡಿನಲ್ಲಿ ಮೊಲ ಸಿಕ್ಕಿಬಿದ್ದೆನೆಂದು ಹೆದರುತ್ತದೆ. ನೆಲಕ್ಕೆ ಶಹಾಬಾದ್ ಫರಸಿಗಿಂತ ಒಳ್ಳೆಯದು ಅಂಗಡಿಯಲ್ಲಿ ಸಿಗಲಾರದು. ಕಲಬುರಗಿ ಸೀಮೆಯ ಈ ಕಲ್ಲು ಗಡಿಯ ಎರಡೂ ಕಡೆ ಮನೆಮನೆಯಲ್ಲಿದೆ. ಮಧ್ಯಾಹ್ನ ಮೊಲ ಹೊಟ್ಟೆಯಾನಿಸಿ ಮಲಗಲು ಅದೇ ಸಾಕು, ಪಕ್ಕದಲ್ಲಿ ಮೆತ್ತನೆಯ ಒಣಹುಲ್ಲಿನ ಹಾಸೊಂದಿದ್ದರೆ.

ಒದ್ದೆ ಗೋಣಿಯ ಉಪಾಯ ಇಲ್ಲಿ ಫಲಿಸಲು ಕಾರಣವಿದೆ. ಮರಾಠವಾಡಾದ ಏಪ್ರಿಲ್-ಮೇ ಗಾಳಿ ಒಣಗಾಳಿ. ನೀರು ಬೇಗ ಆರುತ್ತದೆ, ಆರುವಾಗ ಬಿಸಿಯನ್ನು ಒಯ್ಯುತ್ತದೆ. ಮಂಗಳೂರಿನ ಜಿಗುಟು ಸೆಕೆಯಲ್ಲಿ ಇದೇ ಗೋಣಿ ಅಷ್ಟು ಕೆಲಸ ಮಾಡದು. ಆದರೆ ನೀರು ಇರಬೇಕಲ್ಲ! 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂತು. ಮೊದಲ ಗಾಡಿ ತಂದದ್ದು ಸುಮಾರು 5 ಲಕ್ಷ ಲೀಟರ್. ಅಂಥ ವರ್ಷ ಮತ್ತೆ ಬಂದಾಗ ಗೋಣಿ ನೆನೆಸುವ ಎರಡು ಕೊಡ ಎಲ್ಲಿಂದ? ಮುಖ ತೊಳೆದ ನೀರು, ತರಕಾರಿ ತೊಳೆದ ನೀರು ಗೋಣಿಗೆ ನಡೆಯುತ್ತದೆ. ಕುಡಿಯಲು ಮಾತ್ರ ಚೊಕ್ಕ ನೀರು, ಅದೂ ಭಾರವಾದ ಮಣ್ಣಿನ ಬಟ್ಟಲಲ್ಲಿ. ಈ ಲೆಕ್ಕವನ್ನು ಮೊಲ ತರುವ ಮುಂಚೆಯೇ ಹಾಕಿದ ಮನೆ ಅರ್ಧ ಸಜ್ಜಾದಂತೆ.

ಈಗ ಪಂಜರದ ಮಾತು. ಪೇಟೆಯಲ್ಲಿ ಸಿಗುವ ತಂತಿತಳದ ಪಂಜರ ಮಾಂಸ ಮತ್ತು ಉಣ್ಣೆಯ ಸಾಕಣೆಯಿಂದ ಬಂದ ವಿನ್ಯಾಸ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕನಾಲ್ ಬಳಿಯ ತಂಪು ಬೆಟ್ಟದ ಮನ್ನವನೂರಿನಲ್ಲಿರುವ ಅದರ ಕೇಂದ್ರ ಮೊಲದ ತಳಿಗಳ ಮೇಲೆ ಬಹಳ ಕೆಲಸ ಮಾಡಿವೆ. ಆ ಜ್ಞಾನ ದೊಡ್ಡದು. ಆದರೆ ಅಲ್ಲಿನ ಪ್ರಶ್ನೆ ತೂಕ, ಮರಿಗಳ ಸಂಖ್ಯೆ, ಮೇವಿನ ಖರ್ಚು. ಮಾಂಸಕ್ಕೆ ಬೆಳೆಸಿದ ಮೊಲ ಮೂರು ತಿಂಗಳಿಗೆ ಮಾರಾಟಕ್ಕೆ ಹೋಗುತ್ತದೆ. ಮನೆಯ ಮೊಲ ಎಂಟು-ಹತ್ತು ವರ್ಷ ಬದುಕುತ್ತದೆ. ಹಿಕ್ಕೆ ಕೆಳಗೆ ಬೀಳಲಿ ಎಂದು ಮಾಡಿದ ತಂತಿಯ ಮೇಲೆ ಅಷ್ಟು ಕಾಲ ಕೂತರೆ ಹಿಂಗಾಲಿನ ಅಡಿ ಸುಲಿದು ಹುಣ್ಣಾಗುತ್ತದೆ. ನಾಯಿ, ಬೆಕ್ಕಿನಂಥ ಮೆತ್ತೆ ಅದರ ಪಾದಕ್ಕಿಲ್ಲ, ಬರೀ ಕೂದಲು. ಬ್ರಿಟನ್ನಿನ ಮೊಲ ಕಲ್ಯಾಣ ಸಂಘ ಒಂದು ಜೋಡಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರದ ಜಾಗ ಬೇಕೆನ್ನುತ್ತದೆ. ಮೂರು ಜಿಗಿತ ಜಿಗಿಯಲು, ಹಿಂಗಾಲ ಮೇಲೆ ನಿಂತು ಕಿವಿ ನಿಗುರಿಸಲು ಬೇಕಾದ ಅಳತೆ ಅದು. ಬ್ರಿಟನ್ನಿನ ಮಾತೆಲ್ಲ ಇಲ್ಲಿಗೆ ಹೊಂದದು. ಅಲ್ಲಿ ಚಳಿ, ಮಳೆಯಿಂದ ಕಾಪಾಡುವ ಕಾಳಜಿ ಮುಂದಿರುತ್ತದೆ. ಈ ಅಳತೆ ಮಾತ್ರ ಎಲ್ಲಿಗೂ ಸಲ್ಲುತ್ತದೆ. ಹಳ್ಳಿಯ ಹಿತ್ತಲಿನಲ್ಲಿ ಇಷ್ಟು ಜಾಗಕ್ಕೆ ಬರವಿಲ್ಲ. ಬರವಿರುವುದು, ಮೊಲಕ್ಕೂ ಅಷ್ಟು ಜಾಗ ಬೇಕು ಎಂಬ ತಿಳಿವಳಿಕೆಗೆ.

ಮೇವಿನಲ್ಲಿ ಈ ಸೀಮೆ ಶ್ರೀಮಂತ. ಆದರೂ ಮಕ್ಕಳ ಪುಸ್ತಕದ ಚಿತ್ರ ನೋಡಿ ಮೊಲಕ್ಕೆ ಗಜ್ಜರಿ ಕೊಡುವುದೇ ದೊಡ್ಡ ಉಪಚಾರವಾಗಿದೆ. ಗಜ್ಜರಿ ಸಿಹಿ, ದಿನಾ ಕೊಟ್ಟರೆ ಹೊಟ್ಟೆ ಕೆಡುತ್ತದೆ. ಮೊಲದ ಊಟದಲ್ಲಿ ನೂರಕ್ಕೆ ಎಂಬತ್ತರಷ್ಟು ಒಣಹುಲ್ಲು ಇರಬೇಕು. ಅದರ ಬಾಚಿಹಲ್ಲು ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು ಬೆಳೆಯುತ್ತದೆ, ದವಡೆಹಲ್ಲುಗಳೂ ನಿಲ್ಲದೆ ಬೆಳೆಯುತ್ತವೆ. ಅವು ಸವೆಯಬೇಕೆಂದರೆ ದಿನವಿಡೀ ಒರಟು ನಾರು ಅಗಿಯಬೇಕು. ಬದುವಿನ ಒಣಗಿದ ಹುಲ್ಲು, ಗರಿಕೆ, ಬಿಳಿಜೋಳದ ಕಣಿಕಿಯ ಗರಿ ಇದಕ್ಕೆ ಒಗ್ಗುತ್ತವೆ. ಕುದುರೆಮೆಂತೆ ಎಳೆಯ ಮೊಲಕ್ಕೆ ಒಳ್ಳೆಯದು. ಬೆಳೆದದ್ದಕ್ಕೆ ಹೆಚ್ಚು ಹಾಕಿದರೆ ಸುಣ್ಣದಂಶ ಮೂತ್ರದಲ್ಲಿ ಗಟ್ಟಿಯಾಗಿ ತೊಂದರೆ. ಜೋಳದ ಎಳೆ ಚಿಗುರು ಮಾತ್ರ ಬೇಡ. ಮಳೆ ಕೈಕೊಟ್ಟಾಗ ಬಾಡಿದ ಎಳೆಜೋಳ ಮೇದ ದನ ಸಾಯುವುದನ್ನು ಇಲ್ಲಿನ ರೈತರು ಬಲ್ಲರು, ಅದರಲ್ಲಿ ಸಯನೈಡ್ ವಿಷ ಕೂಡುತ್ತದೆ. ದನಕ್ಕೆ ಕಾದುಕೊಳ್ಳುವ ಅದೇ ಎಚ್ಚರ ಮೊಲಕ್ಕೂ ಸಲ್ಲಬೇಕು.

ಗಡಿಯ ಎರಡು ಭಾಷೆಗಳ ನಡುವೆ ಇನ್ನೊಂದು ಅಪಾಯ ಅಡಗಿದೆ. ಕನ್ನಡದಲ್ಲಿ ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂಗೆ ಮರಾಠಿಯ ಹೆಸರು ಗಾಜರ ಗವತ, ಅಂದರೆ ಗಜ್ಜರಿ ಹುಲ್ಲು. ಎಲೆಯ ಹೋಲಿಕೆಯಿಂದ ಬಂದ ಹೆಸರು. 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಳೆ ಈಗ ಉಮರ್ಗಾ ರಸ್ತೆಯ ಎರಡೂ ಬದಿಗಿದೆ. ಮೊಲಕ್ಕೆ ಗಜ್ಜರಿ ಪ್ರೀತಿ ಎಂದು ಕೇಳಿದ ಮಗುವಿಗೆ ಗಜ್ಜರಿ ಹುಲ್ಲೂ ಒಳ್ಳೆಯದೆನಿಸುವುದು ಸಹಜ. ಅದು ಜಾನುವಾರಿಗೆ ವಿಷ, ಕಿತ್ತವರ ಚರ್ಮಕ್ಕೂ ತುರಿಕೆ. ಹಿತ್ತಲು ಸಜ್ಜು ಮಾಡುವವರು ಮೊದಲು ಇದನ್ನು ಬೇರುಸಹಿತ ತೆಗೆಯಬೇಕು. ಅದರೊಂದಿಗೆ ಬೇಲಿಯ ಕಣಗಿಲೆ, ಎಕ್ಕ, ಉಮ್ಮತ್ತಿ, ಹರಳು, ಲಂಟಾನ ಮೊಲದ ಬಾಯಿಗೆ ಎಟುಕದಂತಿರಬೇಕು. ದಾಸವಾಳ ಇರಲಿ, ಅದರ ಎಲೆ, ಹೂವು ಎರಡನ್ನೂ ಮೊಲ ಸಂತೋಷದಿಂದ ತಿನ್ನುತ್ತದೆ. ಸೋಯಾಬೀನ್, ತೊಗರಿಗೆ ಔಷಧ ಹೊಡೆದ ವಾರಗಳಲ್ಲಿ ಆ ಹೊಲದ ಬದುವಿನ ಹುಲ್ಲು ತರಬಾರದು. ಮೊಲಕ್ಕೆ ವಾಂತಿ ಮಾಡಲು ಬಾರದು. ಒಳಗೆ ಹೋದದ್ದು ಹೋಯಿತು.

ಎರೆಮಣ್ಣಿನ ಹಿತ್ತಲು ಬೇಲಿಗೆ ಕಠಿಣ ಪರೀಕ್ಷೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗಾಲದಲ್ಲಿ ಕಾಲು ಹೂತುಹೋಗುವ ಕೆಸರು. ನೆಟ್ಟಗೆ ಹುಗಿದ ಜಾಳಿಗೆಯ ಬುಡದಲ್ಲಿ ಮಣ್ಣು ಸರಿದು ಸಂದು ಬೀಳುತ್ತದೆ. ಒಳಗಿಂದ ಮೊಲ ತೋಡುತ್ತದೆ, ಹೊರಗಿಂದ ಮುಂಗುಲಿ ಮತ್ತು ಬೀದಿನಾಯಿ. ಆದ್ದರಿಂದ ಬೆಸುಗೆ ಹಾಕಿದ ಗಟ್ಟಿ ಜಾಳಿಗೆಯನ್ನೇ ತಂದು, ಬುಡದಲ್ಲಿ ಒಂದೂವರೆ ಅಡಿ ಹೊರಕ್ಕೆ ಮಡಚಿ ನೆಲದ ಮೇಲೆ ಹಾಸಿ, ಅದರ ಮೇಲೆ ಫರಸಿ ಹೇರುವುದು ಇಲ್ಲಿಗೆ ತಕ್ಕದ್ದು. ಕೋಳಿಗೂಡಿನ ತೆಳು ಜಾಳಿಗೆಯನ್ನು ನಾಯಿ ಹರಿಯುತ್ತದೆ. ಹಾವು ಸಣ್ಣ ಕಂಡಿಯಲ್ಲೂ ನುಸುಳುತ್ತದೆ, ಹಾಗಾಗಿ ರಾತ್ರಿ ಮೊಲ ಮನೆಯೊಳಗೇ ಇರಬೇಕು. ಒಳಗೆ ಬಂದರೆ ಅದರ ಹಲ್ಲು ಮೊದಲು ಹುಡುಕುವುದು ವಿದ್ಯುತ್ ತಂತಿಯನ್ನು; ತಂತಿಗಳನ್ನು ಪೈಪಿನೊಳಗೆ ಸೇರಿಸುವುದು ಒಂದು ಮಧ್ಯಾಹ್ನದ ಕೆಲಸ.

ಮೊಲ ಒಂಟಿಯಾಗಿ ಬಾಳಲಾರದು, ಜೋಡಿ ಬೇಕು ಎಂಬ ಜನರ ಅಂದಾಜು ಸರಿ, ತಯಾರಿ ಸಾಲದು. ಗಂಡು-ಹೆಣ್ಣು ಕೂಡಿ ತಂದರೆ ಸುಮಾರು 31 ದಿನಕ್ಕೆ ಮರಿ, ಹೆತ್ತ ದಿನವೇ ಹೆಣ್ಣು ಮತ್ತೆ ಗರ್ಭ ಕಟ್ಟಬಲ್ಲದು. ಎರಡು ಇದ್ದದ್ದು ವರ್ಷದೊಳಗೆ ಅಂಗಳ ತುಂಬಿ, ಹಂಚಲಾಗದೆ ಹೊಲಕ್ಕೆ ಬಿಡುವ ಮಾತು ಬರುತ್ತದೆ. ಹೊಲದಲ್ಲಿ ಆ ಬಿಳಿ ಮೊಲ ಒಂದು ರಾತ್ರಿ ಉಳಿಯುವುದೂ ಕಷ್ಟ. ಶಸ್ತ್ರಚಿಕಿತ್ಸೆ ಇದಕ್ಕೆ ಪರಿಹಾರ. ಹೆಣ್ಣಿಗೆ ವಯಸ್ಸಾದ ಮೇಲೆ ಬಹಳವಾಗಿ ಕಾಡುವ ಗರ್ಭಕೋಶದ ಕ್ಯಾನ್ಸರನ್ನೂ ಅದು ತಪ್ಪಿಸುತ್ತದೆ. ಈ ವಿಷಯದಲ್ಲಿ ಗಡಿನಾಡು ಅದೃಷ್ಟವಂತ. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ರೈಲು ಹತ್ತಿದರೆ ಬೀದರ. ಅಲ್ಲಿ ಕರ್ನಾಟಕದ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ದೇವಣಿ ಹೋರಿಗೆ, ಉಸ್ಮಾನಾಬಾದಿ ಆಡಿಗೆ ಹೆಸರಾದ ಸೀಮೆಯಲ್ಲಿ ಪಶುವೈದ್ಯರ ಬಳಿ ಹೋಗುವುದು ಹೊಸ ರೂಢಿಯೇನಲ್ಲ. ಮೊಲ ತರುವ ಮುಂಚೆ ಅಲ್ಲಿಗೆ ಒಮ್ಮೆ ಹೋಗಿ, ಮೊಲ ನೋಡುವವರು ಯಾರು, ಯಾವ ವಾರ ಸಿಗುತ್ತಾರೆ ಎಂದು ಕೇಳಿಕೊಂಡು ಬರುವುದು ಪಂಜರ ಕೊಳ್ಳುವುದಕ್ಕಿಂತ ಮೊದಲಿನ ಕೆಲಸ. ಏಕೆಂದರೆ ಮನೆಮದ್ದು ಇಲ್ಲಿ ಕೊಲ್ಲುತ್ತದೆ: ನಾಯಿಯ ಉಣ್ಣಿಗೆ ಹಚ್ಚುವ ಫಿಪ್ರೋನಿಲ್ ಮೊಲಕ್ಕೆ ವಿಷ, ಬಾಯಿಗೆ ಹಾಕಿದ ಅಮಾಕ್ಸಿಸಿಲಿನ್ ಅದರ ಕರುಳನ್ನೇ ಕೆಡಿಸುತ್ತದೆ. ಹನ್ನೆರಡು ಗಂಟೆ ಮೇವು ಮುಟ್ಟದ ಮೊಲಕ್ಕೆ ನಾಳೆಯವರೆಗೆ ಕಾಯುವಷ್ಟು ಹೊತ್ತಿಲ್ಲ.

ತರುವ ಕಾಲ ಯಾವುದು ಎಂಬುದರಲ್ಲೂ ರೂಢಿ ಎಡವಿದೆ. ಶಾಲೆಗೆ ರಜೆ ಬಿಟ್ಟಾಗ ಮಕ್ಕಳ ಹಟಕ್ಕೆ ಸೋತು ಏಪ್ರಿಲ್‌ನಲ್ಲಿ ತರುವವರು ಹೆಚ್ಚು. ಹೊಸ ಜಾಗದ ಹೆದರಿಕೆ ಮತ್ತು ಬಿಸಿಲು ಎರಡೂ ಒಟ್ಟಿಗೆ ಬೀಳುವ ತಿಂಗಳದು. ದಸರೆ ಕಳೆದು ನೆಲ ಆರಿದ ಮೇಲೆ ತಂದರೆ, ಬಾನಿಯೊಳಗಿನ ಹುಲ್ಲು, ಹರವಿಯ ಕತ್ತಲು, ಮನೆಯವರ ದನಿ ಎಲ್ಲಕ್ಕೂ ಮೊಲ ಹೊಂದಿಕೊಳ್ಳಲು ಐದು ತಿಂಗಳು ಸಿಗುತ್ತದೆ. ಏಪ್ರಿಲ್‌ನಲ್ಲಿ ಮೊಲದ ಬದಲು ಒಂದು ಥರ್ಮಾಮೀಟರ್ ತಂದು, ಪಂಜರ ಇಡಬೇಕೆಂದ ಮೂಲೆಯಲ್ಲಿ ನೆಲದಿಂದ ಗೇಣೆತ್ತರಕ್ಕೆ ತೂಗುಹಾಕಿ, ಮೇ ಮುಗಿಯುವವರೆಗೆ ದಿನಾ ಮಧ್ಯಾಹ್ನ ಮೂರಕ್ಕೆ ಅದನ್ನು ಓದಿ ಬರೆದಿಡುವ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಆ ಚೀಟಿ ಕೈಯಲ್ಲಿದ್ದರೆ, ಅಕ್ಟೋಬರಿನಲ್ಲಿ ಹರವಿಯನ್ನು ಯಾವ ಮೂಲೆಯಲ್ಲಿ ಹುಗಿಯಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.