ಅಳಿಸಿದ ಬೊಟ್ಟು

ಕಳೆದ ವರ್ಷ ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ನಾಲ್ಕು ದಿನ ಉಬ್ರಾಣಿಯಲ್ಲಿದ್ದೆ. ಅಕ್ಕ ಮಗಳನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೂಸಿಗೆ ಹತ್ತು ತಿಂಗಳು. ಆ ನಾಲ್ಕು ದಿನಗಳಲ್ಲಿ ಅವಳ ಇನ್ನೂರಕ್ಕೂ ಹೆಚ್ಚು ಫೋಟೋ ತೆಗೆದೆ. ಅವುಗಳಲ್ಲಿ ಒಂದನ್ನು ಆರಿಸಿ, ತಿದ್ದಿ, ಅಜ್ಜಿಯ ಮುಂದೆ ಹಿಡಿದೆ. ಅಜ್ಜಿ ಫೋನನ್ನು ಒಮ್ಮೆ ದೂರ ಹಿಡಿದು, ಒಮ್ಮೆ ಹತ್ತಿರ ತಂದು ನೋಡಿ ಕೇಳಿದ್ದು ಒಂದೇ ಮಾತು: "ಬೊಟ್ಟು ಎಲ್ಲೋ? ಬೆಳಿಗ್ಗೆ ನಾನೇ ಇಟ್ಟಿದ್ನಲ್ಲ."

ಬೊಟ್ಟನ್ನು ನಾನು ಅಳಿಸಿದ್ದೆ. ಎಡಗೆನ್ನೆಯ ಮೇಲೆ, ಕಾಡಿಗೆಯಲ್ಲಿ, ಅಜ್ಜಿಯ ಉಂಗುರ ಬೆರಳಿನ ತುದಿಯಷ್ಟು ದೊಡ್ಡದಾಗಿದ್ದ ದೃಷ್ಟಿಬೊಟ್ಟು ಅದು. ಫೋನಿನಲ್ಲಿ ಕಲೆ ತೆಗೆಯುವ ಸಲಕರಣೆ ಇರುತ್ತದಲ್ಲ, ಅದರ ಮೇಲೊಮ್ಮೆ, ಬೊಟ್ಟಿನ ಮೇಲೊಮ್ಮೆ ಬೆರಳಿಟ್ಟೆ, ಅಷ್ಟೇ. ಸುತ್ತಲಿನ ಚರ್ಮದ ಬಣ್ಣವನ್ನೇ ಎರವಲು ತಂದು ಫೋನು ಆ ಜಾಗವನ್ನು ತುಂಬಿಬಿಟ್ಟಿತು. ಹಾಗೆ ಮಾಡಿದ್ದೇಕೆ ಎಂದರೆ, ಫೋಟೋ ಚೆನ್ನಾಗಿ ಬರಲಿ ಎಂದು. ಈ "ಚೆನ್ನಾಗಿ" ಎಂಬ ಮಾತೇ ಆಮೇಲೆ ನನ್ನನ್ನು ಕಾಡತೊಡಗಿತು. ತ್ರಿಪದಿಗಳ ಮೇಲೆ ಸಂಶೋಧನೆ ಮಾಡುವವನು ನಾನು. ಒಂದು ಪಾಠದಲ್ಲಿ ಒಂದಕ್ಷರ ಬಿಟ್ಟುಹೋದರೆ ಸಂಪಾದಕರ ಮೇಲೆ ಪುಟಗಟ್ಟಲೆ ತಕರಾರು ಬರೆಯುತ್ತೇನೆ. ಅಂಥವನು ಅಜ್ಜಿಯ ಪಾಠದಿಂದ ಒಂದು ಇಡೀ ಬೊಟ್ಟನ್ನು ಕಿತ್ತುಹಾಕಿ ಅದನ್ನೇ ಒಳ್ಳೆಯ ಪಾಠ ಎಂದು ತೋರಿಸಿದ್ದೆ.

ನನ್ನ ಪರವಾಗಿ ಹೇಳಬೇಕಾದ್ದೂ ಇದೆ. ಕೂಸುಗಳ ಫೋಟೋ ತೆಗೆಯುವ ಕಸುಬಿನ ಕೆಲವು ಸಂಗತಿಗಳನ್ನು ನಾನು ಶ್ರದ್ಧೆಯಿಂದ ಕಲಿತಿದ್ದೇನೆ, ಅವು ನಿಜಕ್ಕೂ ಕೆಲಸಕ್ಕೆ ಬರುತ್ತವೆ. ಮೊದಲು ಲೆನ್ಸನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಬೇಕು. ಕೂಸಿರುವ ಮನೆಯ ಫೋನಿಗೆ ಎಣ್ಣೆಯ ಬೆರಳು ತಪ್ಪಿದ್ದಲ್ಲ, ಆ ಜಿಡ್ಡೇ ಚಿತ್ರವನ್ನು ಮಂಜಾಗಿಸುತ್ತದೆ. ಫ್ಲಾಶ್ ಬೇಡ, ಅದು ಮುಖವನ್ನು ಚಪ್ಪಟೆ ಮಾಡುತ್ತದೆ, ಕೂಸನ್ನು ಬೆಚ್ಚಿಸುತ್ತದೆ. ಬಿಸಿಲು ನೇರ ಬೀಳದ ಜಗಲಿಯಲ್ಲೋ ಕಿಟಕಿಯ ಪಕ್ಕದಲ್ಲೋ ಕೂರಿಸಿದರೆ ಬೆಳಕು ಒಂದು ಬದಿಯಿಂದ ಮೆಲ್ಲಗೆ ಹರಡಿ ಕೆನ್ನೆಯ ದುಂಡು ಕಾಣುತ್ತದೆ. ಫೋನಿನ ಮುಖ್ಯ ಲೆನ್ಸು ಅಗಲ ನೋಟದ್ದಾದ್ದರಿಂದ ಮುಖದ ತೀರಾ ಹತ್ತಿರ ಹಿಡಿದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದಕ್ಕೆ ಸರಿದು ಕಾಣುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು ಫೋನಿನಲ್ಲಿದ್ದರೆ ಎರಡು ಪಟ್ಟಿನ ಲೆನ್ಸು ಬಳಸುವುದು ಮೇಲು. ಅಂಬೆಗಾಲಿಡುವ ಕೂಸಿಗೆ ಗುಂಡಿಯನ್ನು ಒತ್ತಿ ಹಿಡಿದು ಸಾಲಾಗಿ ಹತ್ತಿಪ್ಪತ್ತು ತೆಗೆಯಬೇಕು, ಒಂದಾದರೂ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ನೆಲಕ್ಕೆ ಇಳಿಯುವುದು. ನಿಂತು ಬಗ್ಗಿ ತೆಗೆದರೆ ಕೂಸು ತಲೆ ದೊಡ್ಡದಾದ ಗೊಂಬೆಯಂತೆ ಕಾಣುತ್ತದೆ. ಹೊಟ್ಟೆಯ ಮೇಲೆ ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಫೋನು ಹಿಡಿದರೆ ಆಗ ಅದು ಒಬ್ಬ ವ್ಯಕ್ತಿ.

ಇವಿಷ್ಟನ್ನೂ ಪಾಲಿಸಿದೆ. ಆದರೂ ಆ ನಾಲ್ಕು ದಿನ ನಾನು ಹುಡುಕುತ್ತಿದ್ದದ್ದು ನನ್ನ ತಲೆಯಲ್ಲಿ ಮೊದಲೇ ಇದ್ದ ಒಂದು ಚಿತ್ರವನ್ನು: ನಗುವ ಬಾಯಿ, ಹೊಳೆಯುವ ಕಣ್ಣು, ನುಣುಪು ಕೆನ್ನೆ. ಅದು ಸಿಗಲೆಂದು ತಟ್ಟೆ ಬಡಿದೆ, ಬೆಕ್ಕಿನ ಹಾಗೆ ಕೂಗಿದೆ, ಅಕ್ಕನನ್ನು ನನ್ನ ಬೆನ್ನ ಹಿಂದೆ ಕುಣಿಸಿದೆ. ಅತ್ತ ಫೋಟೋಗಳನ್ನೆಲ್ಲ "ಹಾಳಾದವು" ಎಂದು ಪಕ್ಕಕ್ಕಿಟ್ಟೆ. ನೆಲಕ್ಕೆ ಇಳಿದದ್ದು ನನ್ನ ಮೈ ಮಾತ್ರ.

ಕೂಸಿಗೂ ಫೋಟೋದ ತಂತ್ರಜ್ಞಾನಕ್ಕೂ ಇರುವ ನಂಟು ಸೋಜಿಗದ್ದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ಮೊದಲ ಬಾರಿಗೆ ಒಂದು ಫೋಟೋವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಇಳಿಸಿದಾಗ ಆರಿಸಿಕೊಂಡದ್ದು ತನ್ನ ಮೂರು ತಿಂಗಳ ಮಗನ ಚಿತ್ರವನ್ನು. ಉದ್ದಕ್ಕೆ 176, ಅಗಲಕ್ಕೆ 176 ಚುಕ್ಕೆಗಳ ಕಪ್ಪುಬಿಳುಪು ಮುಖ ಅದು. 1997ರ ಜೂನ್ 11ರಂದು ಕ್ಯಾಲಿಫೋರ್ನಿಯಾದ ಹೆರಿಗೆ ವಾರ್ಡಿನಲ್ಲಿ ಫಿಲಿಪ್ ಕಾನ್ ತನ್ನ ಫೋನಿಗೆ ಒಂದು ಡಿಜಿಟಲ್ ಕ್ಯಾಮೆರಾ ಜೋಡಿಸಿ, ಆಗತಾನೆ ಹುಟ್ಟಿದ ಮಗಳ ಫೋಟೋ ತೆಗೆದು, ಪರಿಚಯದವರಿಗೆಲ್ಲ ಕ್ಷಣದಲ್ಲಿ ಕಳಿಸಿದ. ಫೋನಿನ ಫೋಟೋವನ್ನು ಹಾಗೆ ಹಂಚಿದ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಎರಡು ಕಡೆಯೂ ಅಪ್ಪನ ಸಂಭ್ರಮವೇ ಯಂತ್ರವನ್ನು ಮುಂದಕ್ಕೆ ತಳ್ಳಿತು. ತೋರಿಸಬೇಕೆಂಬ ಆಸೆ ನಮ್ಮ ಫೋನುಗಳಿಗೆ ಹುಟ್ಟಿನಿಂದಲೇ ಬಂದದ್ದು.

ಅಳಿಸುವ ಆಸೆಯೂ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಒಂದು ಫೋಟೋಗೆ ಹಲವು ಸೆಕೆಂಡು ಅಲುಗಾಡದೆ ಕೂರಬೇಕಿತ್ತು. ಕೂಸು ಕೂರುವುದುಂಟೆ? ಇಂಗ್ಲೆಂಡು, ಅಮೆರಿಕಗಳ ಸ್ಟುಡಿಯೋಗಳಲ್ಲಿ ತಾಯಿಗೆ ಮುಸುಕು ಹೊದಿಸಿ, ಕುರ್ಚಿಯ ಹಾಗೆ ಕಾಣಿಸಿ, ಅವಳ ಮಡಿಲಲ್ಲಿ ಕೂಸನ್ನು ಕೂರಿಸಿ ಫೋಟೋ ತೆಗೆಯುತ್ತಿದ್ದರು. ಅಂಥ ಚಿತ್ರಗಳು ಈಗಲೂ ಉಳಿದಿವೆ. ಮುಸುಕಿನೊಳಗಿಂದ ಒಂದು ಕೈ ಮಾತ್ರ ಹೊರಗೆ ಬಂದು ಮಗುವಿನ ಸೊಂಟ ಹಿಡಿದಿರುತ್ತದೆ. ಅವತ್ತಿನವರಿಗೆ ಅದು ಮುಚ್ಚಬೇಕಾದ ಕೊರತೆ. ಇವತ್ತು ಆ ಚಿತ್ರ ನೋಡುವ ನಮಗೆ ಆ ಕೈಯನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ.

ಈಗ ನಮ್ಮ ತ್ರಿಪದಿಗಳಿಗೆ ಬರುತ್ತೇನೆ. ವಿಜಯಪುರ ಜಿಲ್ಲೆಯ ಹಲಸಂಗಿ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದ ಮೇಲೆ ಹೆಣ್ಣುಮಕ್ಕಳ ಬೀಸುವ ಕಲ್ಲಿನ ಹಾಡುಗಳು ಓದುವ ಸಾಹಿತ್ಯವೂ ಆದವು. ಇಂಥ ಸಂಗ್ರಹಗಳಿಂದ ಪಠ್ಯಪುಸ್ತಕಗಳಿಗೆ ಬಂದು, ಕನ್ನಡ ಶಾಲೆಯಲ್ಲಿ ಓದಿದ ಅನೇಕರಿಗೆ ಗೊತ್ತಿರುವ ಕೂಸಿನ ತ್ರಿಪದಿಗಳು ಕೆಲವಿವೆ. ಅವುಗಳಲ್ಲಿ ಒಂದು, ಅಳುವ ಕೂಸಿನ ಮುಖವನ್ನೇ ನೋಡುತ್ತದೆ. ತುಟಿ, ಹುಬ್ಬು, ಕಣ್ಣು ಎಂಬ ಕ್ರಮದಲ್ಲಿ ನೋಟ ತುಟಿಯಿಂದ ಹುಬ್ಬಿಗೆ ಏರಿ ಕಣ್ಣಿಗೆ ಇಳಿಯುತ್ತದೆ. ತುಟಿಗೆ ಸಮುದ್ರದ ಒಡವೆಯ ಹೋಲಿಕೆ, ಹುಬ್ಬಿಗೆ ಹಿತ್ತಲ ಮರದ ಎಲೆಯ ಹೋಲಿಕೆ, ಕಣ್ಣಿಗೆ ದೇವರ ಕೈಯಲ್ಲಿ ಮಿಂಚುವ ಆಯುಧದ ಹೋಲಿಕೆ. ಇದನ್ನು ತರಗತಿಯಲ್ಲಿ ವಾತ್ಸಲ್ಯದ ಉದಾಹರಣೆಯಾಗಿ ಹೇಳಿಕೊಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಾತ್ಸಲ್ಯವಷ್ಟೇ ಆಗಿದ್ದರೆ ಮೂರನೆಯ ಹೋಲಿಕೆಯೂ ಹೂವೋ ನಕ್ಷತ್ರವೋ ಆಗಬಹುದಿತ್ತು. ಆಯುಧ ಬರುವುದು ಆ ತಾಯಿಗೆ ಒಂದು ಕ್ಷಣ ಕೂಸಿನ ಕೋಪ ಕಂಡದ್ದರಿಂದ. ಅದು ತನ್ನ ಮಾತು ಕೇಳದ ಇನ್ನೊಂದು ಜೀವ ಎಂಬ ಅಳುಕು ಅಲ್ಲಿದೆ. ಅವಳು ಅಳುವನ್ನು ನಿಲ್ಲಿಸಲು ಹೊರಟಿಲ್ಲ, ನೋಡುತ್ತಿದ್ದಾಳೆ. ನಾನು ತಟ್ಟೆ ಬಡಿಯುತ್ತಿದ್ದೆ.

ಇನ್ನೊಂದು ತ್ರಿಪದಿಯ ಪ್ರಕಾರ ಕೂಸಿರುವ ಮನೆಗೆ ಬೀಸಣಿಗೆ ಬೇಡ. ಅದು ಒಳಗೆ ಹೊರಗೆ ಓಡಾಡಿದರೇ ಸಾಕು, ಗಾಳಿ ಸುಳಿಯುತ್ತದೆ. ಇಲ್ಲಿ ಕೂಸಿನ ಮುಖವಿಲ್ಲ, ಬಣ್ಣವಿಲ್ಲ, ಉಡುಗೆಯಿಲ್ಲ. ಅದು ಹಾದುಹೋದ ಮೇಲೆ ಉಳಿದ ಗಾಳಿಯೇ ಅದರ ಚಿತ್ರ. ಫೋನಿಗೆ ಇದು ಕಷ್ಟದ ಕೆಲಸ. ಬೆಳಕು ಕಡಿಮೆಯಾದಾಗ ಫೋನು ಒಂದು ಚಿತ್ರಕ್ಕಾಗಿ ಹಲವು ಚೌಕಟ್ಟುಗಳನ್ನು ತೆಗೆದು ಒಂದರ ಮೇಲೊಂದು ಕೂಡಿಸುತ್ತದೆ. ನಡುವೆ ಕೂಸು ಕೈ ಬೀಸಿದರೆ ಆ ಕೈ ಹೊಗೆಯ ಎಳೆಯ ಹಾಗೆ ಬರುತ್ತದೆ. ನಾವು ಅದನ್ನು ದೋಷ ಎನ್ನುತ್ತೇವೆ. ಆ ತ್ರಿಪದಿ ಓದಿದ ಮೇಲೂ ದೋಷ ಎನ್ನಬಹುದೇ ಎಂದು ನನಗೆ ಅನುಮಾನ. ಮತ್ತೊಂದರಲ್ಲಿ ತಾಯಿಯ ಕಣ್ಣು ಆಡಿ ಬರುವ ಕಂದನ ಅಂಗಾಲಿನ ಮೇಲಿದೆ. ತೊಳೆಯಬೇಕಾದ ಕಾಲು ಎಂದರೆ ಮಣ್ಣಾದ ಕಾಲು. ಆಡಿದ್ದಕ್ಕೆ ಆ ಮಣ್ಣೇ ಸಾಕ್ಷಿ.

ಅಳು, ಚಲನೆ, ಮಣ್ಣು. ನನ್ನ ಇನ್ನೂರು ಫೋಟೋಗಳಲ್ಲಿ ನಾನು ಪಕ್ಕಕ್ಕಿಟ್ಟದ್ದು ಇವು ಮೂರನ್ನೇ. ಬೊಟ್ಟು ನಾಲ್ಕನೆಯದು.

ದೃಷ್ಟಿಯಲ್ಲಿ ನನಗೆ ನಂಬಿಕೆಯಿಲ್ಲ. ಅಜ್ಜಿಯ ಎದುರಿಗೂ ಹಾಗೆಂದು ಹೇಳಿದ್ದೇನೆ. ಆದರೆ ಬೊಟ್ಟಿನ ಹಿಂದಿರುವ ರೂಪದ ವಿಚಾರ ಮೂಢನಂಬಿಕೆ ಎಂದು ತಳ್ಳಿಹಾಕುವಂಥದ್ದಲ್ಲ. ಅಂದದ ಮುಖಕ್ಕೆ ಬೇಕೆಂದೇ ಒಂದು ಕೊರತೆ ಇಡು, ಆಗ ಅದು ನೋಡುವವರ ಆಸೆಗೆ ಪೂರಾ ಒದಗುವುದಿಲ್ಲ ಎನ್ನುವ ವಿಚಾರ ಅದು. ಫ್ರಾನ್ಸಿನ ರೋಲಾಂ ಬಾರ್ತ್ 1980ರಲ್ಲಿ ಫೋಟೋಗಳ ಬಗ್ಗೆ ಬರೆದ ಪುಸ್ತಕದಲ್ಲಿ, ಕೆಲವು ಚಿತ್ರಗಳಲ್ಲಿ ತೆಗೆದವನು ಉದ್ದೇಶಿಸದ ಒಂದು ವಿವರ ನೋಡುವವನನ್ನು ಚುಚ್ಚುತ್ತದೆ ಎನ್ನುತ್ತಾನೆ. ಮುಸುಕಿನಿಂದ ಹೊರಬಂದ ಕೈ ಅಂಥದ್ದು. ಅಜ್ಜಿಯ ಬೊಟ್ಟು ಅದಕ್ಕಿಂತ ಬೇರೆ. ಅದು ಉದ್ದೇಶಪಟ್ಟು ಇಟ್ಟದ್ದು, ನೋಡುವವನ ಕಣ್ಣನ್ನು ಮೊದಲು ತನ್ನ ಕಡೆ ಎಳೆದುಕೊಂಡು ಕೂಸನ್ನು ಹಿಂದೆ ಇಟ್ಟುಕೊಳ್ಳುವಂಥದ್ದು. ಬಾರ್ತನ ವಿವರ ನೋಡುವವನಿಗೆ ಸೇರಿದ್ದು, ಬೊಟ್ಟು ಕೂಸಿನ ಕಡೆಯದು.

ನಮ್ಮ ಮನೆಯ ಗೋಡೆಯ ಮೇಲೆ ಅಕ್ಕನ ಎಳವೆಯ ಫೋಟೋ ಇದೆ, ಚನ್ನಗಿರಿಯ ಸ್ಟುಡಿಯೋ ಒಂದರಲ್ಲಿ ತೆಗೆಸಿದ್ದು. ಮೇಜಿನ ಮೇಲೆ ಬಟ್ಟೆ ಹಾಸಿ ಬೋರಲು ಮಲಗಿಸಿದ್ದಾರೆ. ಕೆನ್ನೆಯ ಮೇಲೆ ನಾಲ್ಕಾಣೆಯಷ್ಟು ಬೊಟ್ಟು, ಕಣ್ಣಲ್ಲಿ ಆಗಷ್ಟೇ ಅತ್ತ ನೀರು. ಪಕ್ಕದಲ್ಲೇ ಅಪ್ಪ ಅಮ್ಮನ ಮದುವೆಯ ಫೋಟೋ. ಅದರಲ್ಲಿ ಇಬ್ಬರ ಮುಖವನ್ನೂ ಕೈಯಿಂದ ತಿದ್ದಿ ನುಣುಪು ಮಾಡಿದ್ದು ತಿಳಿಯುತ್ತದೆ, ಅಪ್ಪನ ಮೊಡವೆಯ ಗುರುತೇ ಇಲ್ಲ. ತಿದ್ದಲು ಬರುತ್ತಿದ್ದ ಕಾಲದಲ್ಲೂ ದೊಡ್ಡವರ ಮೊಡವೆ ಹೋಯಿತು, ಕೂಸಿನ ಬೊಟ್ಟು ಉಳಿಯಿತು. ಯಾವುದು ಕಲೆ, ಯಾವುದು ಗುರುತು ಎಂಬ ವಿವೇಕ ತಿದ್ದುವವನಿಗೆ ಇತ್ತು. ನನ್ನ ಬೆರಳಿಗೆ ಇರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಇದು ರುಚಿಯ ಪ್ರಶ್ನೆ ಮಾತ್ರ ಆಗುತ್ತಿತ್ತು. ಆದರೆ ಬೊಟ್ಟು ಅಳಿಸಿದ ಆ ಫೋಟೋವನ್ನು ನಾನು ಅಕ್ಕನನ್ನು ಕೇಳದೆ ಸ್ಟೇಟಸ್ಸಿಗೆ ಹಾಕಿದ್ದೆ. ಎರಡು ತಿಂಗಳ ಮೇಲೆ, ನಮಗೆ ಯಾರ ಪರಿಚಯವೂ ಇಲ್ಲದ ಒಂದು ಗುಂಪಿನಿಂದ ಅಕ್ಕನ ವಾರಗಿತ್ತಿಗೆ ಒಂದು ಶುಭೋದಯದ ಚಿತ್ರ ಬಂತು. ಸುತ್ತ ಗುಲಾಬಿ, ಮೇಲೆ ಹೊಂಬಣ್ಣದ ಅಕ್ಷರ, ನಡುವೆ ನಮ್ಮ ಕೂಸು. ಕೇಡೇನೂ ಆಗಿರಲಿಲ್ಲ, ಯಾರೋ ಮುದ್ದು ಬಂದು ಬಳಸಿದ್ದರು. ಅಕ್ಕ ಫೋನು ಮಾಡಿ ಜೋರು ಮಾಡಲಿಲ್ಲ. "ನನ್ನ ಮಗಳು ಅಂತ ನಂಗೇ ಒಂದ್ಸಲ ಗೊತ್ತಾಗ್ಲಿಲ್ಲ ಕಣೋ" ಎಂದಳು. ಆ ಮಾತು ಬೈಗುಳಕ್ಕಿಂತ ಕಷ್ಟವಾಯಿತು.

ಗೊತ್ತಾಗದಂತೆ ಮಾಡಿದ್ದು ನಾನು. ಬೊಟ್ಟಿದ್ದಾಗ ಅವಳು ಉಬ್ರಾಣಿಯ ಒಂದು ಮನೆಯ, ಒಬ್ಬ ಅಜ್ಜಿಯ ಕೈ ಸೋಕಿದ ಕೂಸು. ಬೊಟ್ಟು ಹೋದ ಮೇಲೆ ಯಾರ ಗುಲಾಬಿಯ ನಡುವೆ ಬೇಕಾದರೂ ಕೂರಬಲ್ಲ ಒಂದು ಮುದ್ದು ಮುಖ. ತ್ರಿಪದಿಯ ಕಂದನೂ ಯಾರ ಕಂದನಾದರೂ ಆಗಬಹುದಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಹಾಡು ಊರಿಂದೂರಿಗೆ, ಬಾಯಿಂದ ಬಾಯಿಗೆ ಹೋಗಿದೆ, ಯಾವ ಕೂಸಿಗೂ ಅದರಿಂದ ತೊಂದರೆಯಾಗಿಲ್ಲ. ಅದಕ್ಕೆ ಕಾರಣ, ಹಾಡು ನೋಟವನ್ನು ಒಯ್ಯುತ್ತದೆ, ಮುಖವನ್ನು ಮನೆಯಲ್ಲೇ ಬಿಟ್ಟುಹೋಗುತ್ತದೆ. ಹಾಡಿದ ಪ್ರತಿ ತಾಯಿಯೂ ತನ್ನ ಮುಂದಿರುವ ಕೂಸನ್ನು ಅದರೊಳಗೆ ಕಾಣುತ್ತಾಳೆ. ಫೋಟೋದಲ್ಲಿ ನಡೆಯುವುದು ಇದರ ತಿರುಗುಮುರುಗು. ಮುಖ ಹೊರಟುಹೋಗುತ್ತದೆ, ನೋಡಿದ ಪ್ರೀತಿ ಹಿಂದೆ ಉಳಿಯುತ್ತದೆ. ಆದ್ದರಿಂದ ಕೂಸಿನ ಒಳ್ಳೆಯ ಫೋಟೋ ಎಂಬುದಕ್ಕೆ ಬೆಳಕು, ಕೋನ, ಲೆನ್ಸಿನ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಬೇಕಾಗುತ್ತದೆ: ಇದರಲ್ಲಿ ಕಾಣುವುದು ಕೂಸೋ, ನನ್ನ ಆಸೆಯೋ? ಇದು ಎಷ್ಟು ದೂರ ಹೋಗಬೇಕು? ಬೇಡ ಎನ್ನಲು ಬಾಯಿ ಬಾರದವರ ಪರವಾಗಿ ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತೆಗೆದವರೇ. ಬಾರ್ತನ ಇಡೀ ಪುಸ್ತಕ ಸುತ್ತುವುದು ಅವನ ತಾಯಿಯ ಐದು ವರ್ಷದ ಫೋಟೋ ಒಂದನ್ನು. ಆ ಫೋಟೋವನ್ನು ಮಾತ್ರ ಅವನು ಪುಸ್ತಕದಲ್ಲಿ ಅಚ್ಚು ಹಾಕಿಸಲಿಲ್ಲ.

ಮತ್ತೆ ಊರಿಗೆ ಹೋದಾಗ, ಪಕ್ಕಕ್ಕಿಟ್ಟಿದ್ದ ಫೋಟೋಗಳನ್ನೆಲ್ಲ ಅಜ್ಜಿಗೆ ಒಂದೊಂದಾಗಿ ತೋರಿಸಿದೆ. ಅಜ್ಜಿ ಆರಿಸಿದ್ದು ನಾನು ಎರಡನೆಯ ಸಲ ನೋಡದೆ ಬಿಟ್ಟದ್ದನ್ನು. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಅಂಚಿನಲ್ಲಿ ಕೂತು ಕೂಸು ಬಾಯಿ ತೆರೆದು ಅಳುತ್ತಿದೆ, ಒಂದು ಕೈ ಬೀಸಿ ಮಸುಕಾಗಿದೆ, ಕಣ್ಣೀರಿಗೆ ಬೊಟ್ಟು ಕರಗಿ ಗಲ್ಲದವರೆಗೆ ಗೀರಾಗಿ ಇಳಿದಿದೆ. "ಇದು ನಮ್ ಕೂಸು" ಎಂದಿತು ಅಜ್ಜಿ. ಅಕ್ಕನನ್ನು ಕೇಳಿ ಚನ್ನಗಿರಿಯಲ್ಲಿ ಪ್ರಿಂಟ್ ಹಾಕಿಸಿದೆ. ಅಂಗಡಿಯ ಹುಡುಗ ಚಿತ್ರವನ್ನು ಪರದೆಯ ಮೇಲೆ ದೊಡ್ಡದು ಮಾಡಿ, "ಸಾರ್, ಆ ಕಪ್ಪು ತೆಗೀಲಾ?" ಎಂದು ಕೇಳಿದ. ಬೇಡ ಎಂದೆ. ಆ ಫೋಟೋ ಈಗ ಗೋಡೆಯ ಮೇಲೆ, ಅಕ್ಕನ ಫೋಟೋದ ಪಕ್ಕದಲ್ಲಿದೆ. ಈ ಬರಹದ ಜೊತೆಗೆ ಒಂದು ಚಿತ್ರ ಕಳಿಸಿ ಎಂದು ಸಂಪಾದಕರು ಕೇಳಿದ್ದರು. ಅದನ್ನು ಕಳಿಸಿಲ್ಲ.