ಕಾವ್ಯದ ಉದ್ಯಾನವೂ ನಗರದ ಉದ್ಯಾನವೂ

ಮಹಾಕಾವ್ಯಕ್ಕೆ ವಿಹಿತವಾದ ಹದಿನೆಂಟು ವರ್ಣನೆಗಳಲ್ಲಿ ಉದ್ಯಾನವಿಹಾರವೂ ಒಂದೆಂಬುದು ವಾಚಕರಿಗೆ ವಿದಿತವಾದ ವಿಷಯವೇ ಸರಿ. ದಂಡಿಯೇ ಮೊದಲಾದ ಲಾಕ್ಷಣಿಕರ ಮಾತನ್ನು ಅನುಸರಿಸಿ ಕನ್ನಡದ ಚಂಪೂಕವಿಗಳು ಮಾವು, ಅಶೋಕ, ಮಲ್ಲಿಗೆಗಳನ್ನು ಮನದಣಿಯೆ ಬಣ್ಣಿಸಿದ್ದಾರೆ. ಆದರೆ ಆ ತೋಟಗಳಲ್ಲಿ ವಿಹರಿಸತಕ್ಕವರು ಯಾರು? ನಾಯಕನು, ನಾಯಿಕೆ, ಅವರ ಪರಿವಾರ. ಪಾತಿಗೆ ನೀರೆರೆದವನು ಅದೇ ನೆರಳಿನಲ್ಲಿ ಕುಳಿತು ದಣಿವಾರಿಸಿಕೊಂಡನೆಂದು ಹೇಳುವ ಪದ್ಯವು ವಿರಳ.

ಪಂಪನ ದೃಷ್ಟಿ ತುಸು ಬೇರೆ. 941ರಲ್ಲಿ ರಚಿತವಾದುದೆಂದು ಎಣಿಸಲಾಗುವ ವಿಕ್ರಮಾರ್ಜುನವಿಜಯದಲ್ಲಿ ಆತನು ಬನವಾಸಿಯ ಸೊಬಗನ್ನು ನೆನೆದು, ಮನುಷ್ಯಜನ್ಮವು ದೊರೆಯದಿದ್ದರೆ ಅಲ್ಲಿನ ಉಪವನದ ದುಂಬಿಯೋ ಕೋಗಿಲೆಯೋ ಆದರೂ ಸಾಕೆಂದು ಹಂಬಲಿಸುತ್ತಾನೆ. ದುಂಬಿಗೆ ದ್ವಾರಪಾಲಕನ ಅಪ್ಪಣೆ ಬೇಕಿಲ್ಲ. ಕವಿಯು ಬಯಸಿದುದು ಒಡೆತನವನ್ನಲ್ಲ, ಪ್ರವೇಶವನ್ನು.

ಅರಸನ ತೋಟವು ಪ್ರಜೆಗಳದಾದುದು ಈಚಿನ ಕಾಲದ ಸಿದ್ಧಿ. ಹೈದರಾಲಿಯು 1760ರಲ್ಲಿ ತೊಡಗಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಗಿ, ಕ್ರಮೇಣ ಸುಮಾರು 240 ಎಕರೆಗಳಿಗೆ ಬೆಳೆಯಿತು. 1870ರಲ್ಲಿ ಸ್ಯಾಂಕಿಯ ಯೋಜನೆಯಂತೆ ಕಬ್ಬನ್ ಪಾರ್ಕು ರೂಪುಗೊಂಡಿತು. ಆದರೂ ಬಾಗಿಲಿನ ಪ್ರಶ್ನೆ ತೀರಲಿಲ್ಲ. ಬೆಂಗಳೂರಿನ ಬಡಾವಣೆಗಳ ಅನೇಕ ಉದ್ಯಾನಗಳು ಬೆಳಗಿನ ವಾಯುಸಂಚಾರಿಗಳಿಗೂ ಸಂಜೆಯ ಮಕ್ಕಳಿಗೂ ತೆರೆದು, ನಡುಹಗಲು ಬೀಗ ಹಾಕಿಕೊಳ್ಳುತ್ತಿದ್ದುವು. ಬೆಳಗ್ಗೆ 5ರಿಂದ ರಾತ್ರಿ 10ರ ವರೆಗೆ ತೆರೆದಿರಬೇಕೆಂಬ ಅಪ್ಪಣೆ ಹೊರಟುದು 2024ರಲ್ಲಿ. ನಡುಹಗಲಿನ ನೆರಳನ್ನು ಅರಸುವವರು ಮನೆಗೆಲಸದ ಹೆಂಗಸರು, ತಳ್ಳುಗಾಡಿಯವರು, ಒಂದೇ ಕೋಣೆಯ ಮನೆಯ ಮುದುಕರು. ಬೀಗವು ಅವರಿಗಾಗಿಯೇ ಇದ್ದಂತಿತ್ತು.

ಕಾವಲಿಲ್ಲದ ತೋಟವು ಹಾಳಾಗುವುದೆಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಕಾವಲು ಗಿಡಕ್ಕೆ ಇರತಕ್ಕುದು, ಬಿಡುವಿಗೆ ಅಲ್ಲ. ಹಳೆಯ ಮೈಸೂರು ಸೀಮೆಯ ಗುಂಡುತೋಪುಗಳಲ್ಲಿ ದಾರಿಹೋಕನು ಯಾರನ್ನೂ ಕೇಳದೆ ಬುತ್ತಿ ಬಿಚ್ಚುತ್ತಿದ್ದನು.

ಸಾಹಿತ್ಯದ ಹೊಣೆಯೂ ಇಲ್ಲಿ ಉಂಟು. ನವೋದಯದ ಭಾವಗೀತೆಯಲ್ಲಿ ಅರಸನ ಸ್ಥಾನಕ್ಕೆ ಏಕಾಂತಪ್ರಿಯನಾದ ಕವಿಯು ಬಂದನು. ತೋಟವು ಮಾತ್ರ ಬಹುಮಟ್ಟಿಗೆ ಒಬ್ಬನದಾಗಿಯೇ ಉಳಿಯಿತು. ಹೂವಿನ ಬಣ್ಣವನ್ನು ಕಂಡ ಕಣ್ಣು, ಕಂಬಿಯ ಹೊರಗೆ ಕಾಲುದಾರಿಯ ಮೇಲೆ ಕುಳಿತು ಬುತ್ತಿ ಉಣ್ಣುವವಳನ್ನು ಕಾಣದೆ ಹೋದರೆ ಆ ವರ್ಣನೆ ಅಪೂರ್ಣವೇ. ಉದ್ಯಾನವನ್ನು ಬಣ್ಣಿಸಹೊರಡುವ ಕವಿಯು ಮೊದಲು ಅದರ ಬಾಗಿಲನ್ನು ಬಣ್ಣಿಸಲಿ.