ಏಕೀಕರಣದ ಎರಡು ಕ್ರಮಗಳು

ಯೂರೋಪಿನ ಏಕೀಕರಣದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಒಪ್ಪಂದಗಳನ್ನೇ ಮೈಲಿಗಲ್ಲುಗಳಾಗಿ ನೆಡುತ್ತ ಹೋಗುತ್ತಾರೆ: 1951ರ ಕಲ್ಲಿದ್ದಲು-ಉಕ್ಕಿನ ಒಪ್ಪಂದ, 1957ರ ರೋಮ್ ಒಪ್ಪಂದ, 1992ರ ಮಾಸ್ಟ್ರಿಕ್ಟ್ ಒಪ್ಪಂದ. ಕರ್ನಾಟಕದ ಏಕೀಕರಣವನ್ನು ಕುರಿತು ಬರೆಯುವ ನಮ್ಮವರ ರೀತಿಯೂ ಇದಕ್ಕಿಂತ ಭಿನ್ನವಲ್ಲ. 1956ರ ನವೆಂಬರ್ 1 ಎಂಬ ಕಲ್ಲನ್ನು ಮುಟ್ಟಿದೊಡನೆ ಅವರ ಕಥನ ಮುಗಿಯುತ್ತದೆ. ಈ ಕ್ರಮದಲ್ಲಿರುವ ದೋಷವು ಬೆಂಗಳೂರಿನಲ್ಲಿ ಕುಳಿತವರಿಗೆ ಸುಲಭವಾಗಿ ಗೋಚರಿಸದು. ನಾಸಿಕದಿಂದಲೂ ಔರಂಗಾಬಾದಿನಿಂದಲೂ ನೋಡಿದರೆ ಎದ್ದು ಕಾಣುತ್ತದೆ.

ನಾಸಿಕವು ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳೊಡನೆ ಮುಂಬಯಿ ಪ್ರಾಂತದಲ್ಲಿತ್ತು. 2023ರಿಂದ ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದು, ಬೀದರ, ಕಲಬುರ್ಗಿ, ರಾಯಚೂರುಗಳೊಡನೆ ನಿಜಾಮರ ಸಂಸ್ಥಾನದಲ್ಲಿತ್ತು. ನಾಸಿಕದ ಮುದ್ರಣಾಲಯದಲ್ಲಿ 1928ರಿಂದ ಭಾರತ ಸರಕಾರದ ನೋಟುಗಳು ಅಚ್ಚಾಗತೊಡಗಿದವು. ಔರಂಗಾಬಾದಿನ ಪೇಟೆಯಲ್ಲಾದರೋ ನಡೆಯುತ್ತಿದ್ದುದು ನಿಜಾಮರ ಹಾಲಿ ಸಿಕ್ಕಾ. ಅದರ ಏಳು ರೂಪಾಯಿ ಇಲ್ಲಿಯ ಆರು ರೂಪಾಯಿಗೆ ಸಮ. ಸಂಸ್ಥಾನವು ತನ್ನದೇ ಸುಂಕವನ್ನೂ ವಸೂಲು ಮಾಡುತ್ತಿತ್ತು. ನಿಜಾಮರ ರೈಲಿನ ಮೀಟರ್ ಗೇಜ್ ಹಳಿಯು ನಾಸಿಕ ಜಿಲ್ಲೆಯ ಮನಮಾಡದಲ್ಲಿ ಜಿ.ಐ.ಪಿ. ರೈಲಿನ ಅಗಲ ಹಳಿಯನ್ನು ಸಂಧಿಸುತ್ತಿದ್ದುದರಿಂದ, ಸರಕನ್ನು ಅಲ್ಲಿ ಇಳಿಸಿ ಬೇರೆ ಬಂಡಿಗೆ ಏರಿಸಬೇಕಾಗಿತ್ತು. ಆ ಹಳಿ ಅಗಲವಾದುದು 1990ರ ದಶಕದಲ್ಲಿ. ಯಾವ ಚರಿತ್ರಕಾರನೂ ಅದನ್ನು ಏಕೀಕರಣವೆಂದು ಕರೆದಂತಿಲ್ಲ.

ಅಂದು ಧಾರವಾಡದ ಗುಮಾಸ್ತನು ನಾಸಿಕಕ್ಕೆ ವರ್ಗವಾದರೆ ಪರರಾಜ್ಯಕ್ಕೆ ಹೋದಂತಾಗುತ್ತಿರಲಿಲ್ಲ; ಕಲಬುರ್ಗಿಗೆ ಹೋದರೆ ಆಗುತ್ತಿತ್ತು. 1956ರಲ್ಲಿ ಇದು ತಿರುವುಮುರುವಾಯಿತು. ಧಾರವಾಡವೂ ಕಲಬುರ್ಗಿಯೂ ಮೈಸೂರು ರಾಜ್ಯದಲ್ಲಿ ಒಂದಾದ ದಿನವೇ, ಔರಂಗಾಬಾದು ಮುಂಬಯಿ ರಾಜ್ಯಕ್ಕೆ ಸೇರಿ ನಾಸಿಕದೊಡನೆ ಒಂದಾಯಿತು. ಈ ಎರಡು ನಗರಗಳ ಕನ್ನಡಿಗರು ಮಾತ್ರ ಮನೆ ಬಿಟ್ಟು ಕದಲದೆಯೇ ಹೊರನಾಡಿಗರಾದರು. ಕನ್ನಡನಾಡಿನ ಉತ್ತರದ ಎಲ್ಲೆಯನ್ನು ಕವಿರಾಜಮಾರ್ಗಕಾರನು ಗೋದಾವರಿಯವರೆಗೆ ಒಯ್ದನೆಂದು ನಾವು ಸಭೆಗಳಲ್ಲಿ ಹೆಮ್ಮೆಪಡುವುದುಂಟು. ಒಂಬತ್ತನೆಯ ಶತಮಾನದ ಆ ಎಲ್ಲೆಯಿಂದ ಇಪ್ಪತ್ತನೆಯ ಶತಮಾನದ ಶಾಲೆಯ ಪ್ರಶ್ನೆ ಬಗೆಹರಿಯುವುದಿಲ್ಲ.

ಯೂರೋಪಿನೊಡನೆ ಹೋಲಿಕೆ ಇಲ್ಲಿ ಉಪಯುಕ್ತವಾಗುತ್ತದೆ. ಅಲ್ಲಿಯ ಆರು ರಾಷ್ಟ್ರಗಳು ತಮ್ಮ ನಡುವಣ ಸುಂಕವನ್ನು 1968ರಲ್ಲಿ ತೆಗೆದುಹಾಕಿದವು. ಏಕನಾಣ್ಯವು ಜನರ ಕೈಗೆ ಬಂದುದು 2002ರಲ್ಲಿ. ಭೂಪಟದ ಗೆರೆಗಳು ಇದ್ದಲ್ಲಿಯೇ ಉಳಿದವು. ನಮ್ಮಲ್ಲಿ ಕ್ರಮವೇ ಬೇರೆ. ಹೈದರಾಬಾದು 1948ರಲ್ಲಿ ಒಕ್ಕೂಟದ ಅಧೀನವಾಯಿತು, ಬಳಿಕ ಹಾಲಿ ಸಿಕ್ಕಾ ಮರೆಯಾಯಿತು, 1956ರಲ್ಲಿ ಗೆರೆಗಳು ಬದಲಾದವು. ಸರಕಿನ ಮೇಲಣ ತೆರಿಗೆ ದೇಶಕ್ಕೆಲ್ಲ ಒಂದಾಗುವುದಕ್ಕೆ 2017ರ ಜುಲೈವರೆಗೆ ಕಾಯಬೇಕಾಯಿತು. ಒಕ್ಕೂಟದ ವಿಷಯದಲ್ಲಿ ನಾವು ಯೂರೋಪಿಗಿಂತ ಬಹಳ ಮುಂದಿದ್ದೆವೆಂಬ ಮಾತು ಆದ್ದರಿಂದ ಅರ್ಧಸತ್ಯ.

ನಾಣ್ಯವು ಮೊದಲೇ ಒಂದಾಗಿದ್ದುದರಿಂದ ಹೊಸ ಗೆರೆಯು ವ್ಯಾಪಾರಿಯನ್ನು ಅಷ್ಟಾಗಿ ಬಾಧಿಸಲಿಲ್ಲ. ಬಾಧಿತವಾದುದು ಭಾಷೆ: ಕಚೇರಿಯ ಭಾಷೆ, ಮಕ್ಕಳ ಶಾಲೆಯ ಭಾಷೆ. ಮಾಸ್ಟ್ರಿಕ್ಟ್ ಒಪ್ಪಂದವು ಅನ್ಯ ಸದಸ್ಯರಾಷ್ಟ್ರದಲ್ಲಿ ನೆಲೆಸಿದವನಿಗೆ ಅಲ್ಲಿಯ ಪುರಸಭೆಯ ಚುನಾವಣೆಯಲ್ಲಿ ಮತ ನೀಡುವ ಹಕ್ಕನ್ನು ಕೊಟ್ಟಿತು. ನಮ್ಮಲ್ಲಿ ಮತದ ಹಕ್ಕಿಗೆ ಕೊರತೆಯಿರಲಿಲ್ಲ, ಬೇಕಾಗಿದ್ದುದು ಬೇರೊಂದು. ಅದನ್ನು 1956ರ ಏಳನೆಯ ತಿದ್ದುಪಡಿಯೇ ಸಂವಿಧಾನಕ್ಕೆ ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ರಾಜ್ಯಗಳು ಸೌಕರ್ಯ ಒದಗಿಸಲು ಯತ್ನಿಸಬೇಕೆಂಬ 350-ಎ ವಿಧಿ ಅದು. ಗೆರೆಯನ್ನೆಳೆದ ವರ್ಷವೇ ಗೆರೆಯಾಚೆ ಉಳಿದವರಿಗಾಗಿ ಬರೆದ ಆ ವಿಧಿಗೆ ನಮ್ಮ ಏಕೀಕರಣ ಚರಿತ್ರೆಯ ಮೈಲಿಗಲ್ಲುಗಳ ಸಾಲಿನಲ್ಲಿ ಇನ್ನೂ ಸ್ಥಾನ ದೊರೆತಿಲ್ಲ.